‘ಇರೆಕ್ಟೆಡ್ ಬೈ’ ಮತ್ತು ನಮ್ಮ ಮುಕಾದಮರು

ಕಳೆದ ವಾರ ಜೋಗೇಶ್ವರಿಯಿಂದ ಮುಕಾದಮರ ಫೋನ್ ಬಂತು.

"ಬಾಯಾರ, ತಲಿ ತಿರಗಾಕತ್ತೈತ್ರಿ."

ನನಗೆ ಗಾಬರಿಯಾಯಿತು. "ಬಿ.ಪಿ. ನೋಡಿಸಿದ್ರಾ?" ಎಂದೆ.

"ಬಿ.ಪಿ. ಅಲ್ರೀ. ಮಗಳು ಸೋಫಾ ತಂದಾಳ. ಅದರ ಮ್ಯಾಲ ಕುಂತ್ರ ಒಳಗ ಇಳಕೋಂತ ಹೊಕ್ಕೀನಿ. ಕೆಳಗ ಏನೂ ಗಟ್ಟಿ ಹತ್ತಂಗಿಲ್ಲ, ಹಿಡಕೊಳ್ಳಾಕ ಒಂದು ಬಾಂಬೂನೂ ಇಲ್ಲ. ತಲಿ ತಿರಗದ ಮತ್ತೇನ್ ಆಗ್ತೈತ್ರಿ?"

ನಾನು ನಕ್ಕ ರಭಸಕ್ಕೆ ಮೂಗಿನ ಮೇಲಿದ್ದ ಕನ್ನಡಕ ಸಾರಿನ ಪಾತ್ರೆಗೆ ಬಿತ್ತು. ಒಂಬತ್ತನೆಯ ಮಹಡಿಯ ಹೊರಗೆ ಕಾಲು ಇಳಿಬಿಟ್ಟು ಕೂತು ರೊಟ್ಟಿ ತಿಂದ ಮನುಷ್ಯ ಇವರು. ಈಗ ಮಗಳ ಮನೆಯ ಗ್ರೌಂಡ್ ಫ್ಲೋರಿನಲ್ಲಿ, ಸೋಫಾದ ಮೇಲೆ, ತಲೆಸುತ್ತು!

ಹಳೆಯ ಕಟ್ಟಡಗಳನ್ನು ರಿಪೇರಿ ಮಾಡುವ ಮೊದಲು ಸುತ್ತಲೂ ಬಿದಿರಿನ ಸಾರವೆ ಕಟ್ಟುತ್ತಾರಲ್ಲ, ನಮ್ಮ ಮುಂಬಯಿಯಲ್ಲಿ ಅದಕ್ಕೆ ಪರಾಂಚಿ ಎನ್ನುತ್ತಾರೆ. ಅದನ್ನು ಕಟ್ಟುವ ಗ್ಯಾಂಗಿನ ಮುಖ್ಯಸ್ಥ ಮುಕಾದಮ. ವಿಜಾಪುರದ ಕಡೆಯಿಂದ ಹುಡುಗನಾಗಿದ್ದಾಗ ಬಂದವರು ಇವರು. ಈ ಊರಿನ ಅದೆಷ್ಟು ಕಟ್ಟಡಗಳಿಗೆ ಬಿದಿರಿನ ಅಂಗಿ ತೊಡಿಸಿ ಬಿಚ್ಚಿದ್ದಾರೋ ಅವರಿಗೇ ಲೆಕ್ಕವಿಲ್ಲ. ಎಲ್ಲರೂ ಮುಕಾದಮ್ ಎಂದೇ ಕರೆಯುತ್ತಿದ್ದರು. ನಾನು ಮಾತ್ರ ಅವರ ನಿಜವಾದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವುದನ್ನು ಕಲಿಸಿಕೊಟ್ಟವಳು. ಆದರೂ ಅದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಅವರೇ ಕಾರಣ.

ಅವರನ್ನು ಮೊದಲು ನೋಡಿದ್ದು ಸಾಂತಾಕ್ರೂಜಿನ ನಮ್ಮ ಮನೆಯ ಅಡುಗೆಮನೆಯ ಕಿಟಕಿಯಲ್ಲಿ, ಎರಡು ವರ್ಷದ ಹಿಂದೆ, ಮಳೆಗಾಲ ಮುಗಿದ ಹೊಸತರಲ್ಲಿ. ನಮ್ಮದು ನಾಲ್ಕನೆಯ ಮಹಡಿ, ಅದರ ಮೇಲೆ ಟೆರೇಸು. ನಾನು ಕುಕ್ಕರಿನ ಸೀಟಿ ಎಣಿಸುತ್ತಾ ಲೆಕ್ಕ ತಪ್ಪಿ, "ಥೂ, ಎಷ್ಟು ಕೂಗಿದೆಯೋ ಹಾಳಾದ್ದು" ಎಂದು ಗೊಣಗಿದೆ.

"ಮೂರು ಆದ್ವು ಬಾಯಾರ. ಆರಿಸ್ರಿ," ಎಂದಿತು ಕಿಟಕಿ.

ಸೌಟು ಎಲ್ಲಿಗೆ ಹಾರಿತೋ ನೆನಪಿಲ್ಲ. ನೋಡಿದರೆ, ಜಾಲರಿಯ ಆಚೆ, ಗಾಳಿಯಲ್ಲಿ, ತಲೆಗೆ ಟವೆಲ್ ಸುತ್ತಿದ ಒಂದು ಮುಖ. ಒಂದು ಕಾಲನ್ನು ಬಿದಿರಿಗೆ ಬಳ್ಳಿಯಂತೆ ಸುತ್ತಿಕೊಂಡು, ಬಾಯಲ್ಲಿ ಹಗ್ಗ ಕಚ್ಚಿಕೊಂಡು, ಆರಾಮಾಗಿ ನಿಂತಿದ್ದಾರೆ.

"ಯಾರಪ್ಪಾ ನೀನು?"

"ಪರಾಂಚಿಯಂವ ರೀ. ಅಂಜಬ್ಯಾಡ್ರಿ. ಬ್ಯಾಳಿ ತಳ ಹತ್ತತಾವು, ಮೊದಲ ಗ್ಯಾಸ್ ಆರಿಸ್ರಿ."

ಹೀಗೆ ನಮ್ಮ ಸ್ನೇಹ ಬೇಳೆಯಿಂದ ಶುರುವಾಯಿತು. ಮುಂದಿನ ಮೂರು ವಾರ ನನ್ನ ಅಡುಗೆಮನೆಗೆ ಹೊರಗಿನಿಂದ ಒಬ್ಬರು ಸೂಪರ್‌ವೈಸರ್. ಫಿಲ್ಟರ್ ಕಾಫಿ ಕೊಟ್ಟರೆ ಮೂಸಿ, "ಇದೇನ್ರಿ, ಕೆಮ್ಮಿನ ಔಷಧಾ?" ಎನ್ನುವರು, ಕುಡಿದು ಲೋಟವನ್ನು ಬೋರಲು ಹಾಕಿ ಹಿಂದಕ್ಕೆ ಕೊಡುವರು. ಅವರು ಕೊಟ್ಟ ಶೇಂಗಾ ಚಟ್ನಿ ತಿಂದು ನನ್ನ ಕಿವಿಯಲ್ಲಿ ಹೊಗೆ ಬಂದಾಗ ಅವರ ಗ್ಯಾಂಗಿನ ಐದೂ ಜನ ಐದು ಮಟ್ಟದಲ್ಲಿ ಬಿದಿರಿಗೆ ಜೋತುಬಿದ್ದು ನಕ್ಕರು.

ಬಿದಿರನ್ನು ಆರಿಸುವಾಗ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವರು. "ಇದು ಕೆಮ್ತೈತಿ, ಬ್ಯಾಡ," ಎಂದು ಬದಿಗಿಡುವರು. ಮನುಷ್ಯರನ್ನೂ ಹಾಗೆಯೇ ತಟ್ಟಿ ನೋಡುವ ಚಾಳಿ. ನಮ್ಮ ಸೊಸೈಟಿಯ ಸೆಕ್ರೆಟರಿ ಪರೇಖ್ ಭಾಯಿ ಎದೆಯುಬ್ಬಿಸಿ ನಡೆಯುವವರು, ಅವರ ಬಗ್ಗೆ, "ನಿಂತಾನ ಚಲೋ. ಬುಡಕ್ಕ ಹಲಗಿ ಹಾಕಿಲ್ಲ," ಎಂದರು. ಆ ಮಾತನ್ನು ನಾನು ಯಾರಿಗೂ ಹೇಳಬಾರದಿತ್ತು. ಮೂರನೆಯ ಮಹಡಿಯ ಒಬ್ಬರಿಗೆ ಮಾತ್ರ ಹೇಳಿದೆ. ಸಂಜೆಯೊಳಗೆ ಇಡೀ ಬಿಲ್ಡಿಂಗಿಗೆ ಗೊತ್ತಾಗಿತ್ತು.

ಆಕಾಶದಲ್ಲಿ ಅಷ್ಟು ಸಲೀಸಾದ ಮನುಷ್ಯ ನೆಲದ ಮೇಲೆ ಮಾತ್ರ ಬಾತುಕೋಳಿ. ಸ್ಟೇಷನ್ ಹತ್ತಿರ ರಸ್ತೆ ದಾಟಲು ನನ್ನ ಕೈಚೀಲದ ತುದಿ ಹಿಡಿದುಕೊಂಡಿದ್ದರು. ಎಸ್ಕಲೇಟರ್ ಕಂಡರಂತೂ ಕೈ ಮುಗಿದು ಮೆಟ್ಟಿಲ ಕಡೆ ತಿರುಗುವರು. "ನಿಲ್ಲಿಸಿದ್ದು ನಿಂದ್ರಬೇಕ್ರಿ ಬಾಯಾರ. ನಡೀಬಾರದು."

ಒಂದು ದಿನ ಕಾಫಿಯ ಲೋಟ ಬೋರಲು ಹಾಕಿದ ಮೇಲೂ ಅವರು ಹೋಗಲಿಲ್ಲ.

"ಒಂದು ಮಾತು ಕೇಳ್ಲೇನ್ರಿ? ನಗಬಾರದು."

"ನಗಲ್ಲ. ಕೇಳಿ."

ಕಿಟಕಿಯ ಕಟ್ಟೆಯ ಮೇಲೆ ನೀರು ಚೆಲ್ಲಿತ್ತು. ಅದರಲ್ಲಿ ಬೆರಳು ಅದ್ದಿ ಒಣ ಜಾಗದಲ್ಲಿ ನಿಧಾನವಾಗಿ ಏಳು ಇಂಗ್ಲಿಷ್ ಅಕ್ಷರ ಬರೆದರು. "ಇದು ನಿಮ್ಮ ಕೆಳಗಿನ ನೋಟಿಸ್ ಬೋರ್ಡಿನ್ಯಾಗೂ ಐತ್ರಿ. ಮೂರು ಹಲ್ಲಿನ ಬಾಚಣಿಕಿ ಮೂರು ಸಲ ಬರ್ತೈತಿ ನೋಡ್ರಿ. ಈ ಊರಾಗ ಹಳೇ ಕಲ್ಲು ಎಲ್ಲೆಲ್ಲಿ ಅದಾವೋ ಅಲ್ಲೆಲ್ಲ ಇದ ಶಬ್ದ. ಕುಡಿಯೂ ನೀರಿನ ಕಟ್ಟಿ ಮ್ಯಾಲ, ಪುತ್ಥಳಿ ಕೆಳಗ, ಬಗೀಚಾದಾಗಿನ ಬೆಂಚಿಗೆ. ಇದರ ಮುಂದ ದೊಡ್ಡ ಮಂದಿ ಹೆಸರು. ಇದು ಶ್ರೀಮಾನ್ ಇದ್ದಂಗ ಹೌದಲ್ರೀ?"

ಇರೆಕ್ಟೆಡ್. ನೋಟಿಸ್ ಬೋರ್ಡಿನಲ್ಲಿ ಅದನ್ನು ಬರೆದವಳು ನಾನೇ. ಕಾನ್ವೆಂಟ್ ಇಂಗ್ಲಿಷ್ ಎಂಬ ಕಾರಣಕ್ಕೆ ಸೊಸೈಟಿಯ ಪತ್ರಗಳೆಲ್ಲ ನನ್ನ ಪಾಲು. ಪರೇಖ್ ಭಾಯಿ ‘ಸ್ಕ್ಯಾಫೋಲ್ಡಿಂಗ್ ವಿಲ್ ಬಿ ಮೇಡ್’ ಎಂದು ಗೀಚಿ ತಂದದ್ದನ್ನು ‘ವಿಲ್ ಬಿ ಇರೆಕ್ಟೆಡ್’ ಎಂದು ತಿದ್ದಿದ್ದೆ.

ನಗುವುದಿಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ, ತುಟಿ ಕಚ್ಚಿಕೊಂಡು ಹೇಳಿದೆ: "ಶ್ರೀಮಾನ್ ಅಲ್ಲ. ಇರೆಕ್ಟ್ ಅಂದ್ರೆ ನೆಟ್ಟಗೆ ನಿಲ್ಲಿಸೋದು. ಇರೆಕ್ಟೆಡ್ ಬೈ ಅಂದ್ರೆ, ಇದನ್ನ ನಿಲ್ಲಿಸಿದವರು ಇಂಥವರು ಅಂತ."

ಮುಕಾದಮರು ಬಿದಿರಿನ ಮೇಲೆ ಕೂತುಬಿಟ್ಟರು.

"ಆ ನೀರಿನ ಕಟ್ಟಿಮ್ಯಾಲ ಮೂರ್ತಿ ಐತಲ್ರೀ, ಅಂವಾ? ಪಗಡಿ, ಕೋಟು, ಜೇಬಿನ್ಯಾಗ ಗಡಿಯಾರ? ಅಂವ ನಿಲ್ಲಿಸಿದ್ನಾ? ಆ ಕೋಟ್ ಹಾಕ್ಕೊಂಡು?"

"ಅವರು ದುಡ್ಡು ಕೊಟ್ಟವರು, ಮುಕಾದಮ್ರೇ. ಹಾಗೆ ಬರೆಯೋದು ವಾಡಿಕೆ."

"ಹಂಗಾರ ದುಡ್ಡು ಕೊಟ್ಟ ಅಂತ ಬರೀಬೇಕ್ರಿ. ನಿಲ್ಲಿಸ್ದ ಅಂತ ಬರದ್ರ, ಹತ್ತಿದಂವ ಏನನ್ನಬೇಕು?" ಮತ್ತೆ ಕಟ್ಟೆಯ ಮೇಲಿನ ಅಕ್ಷರಗಳ ಕಡೆ ಬೆರಳು ಮಾಡಿದರು. "ಅದೂ ಒಬ್ಬಂವಾ! ಒಬ್ಬಂವ ಏನ್ ನಿಲ್ಲಸ್ತಾನ್ರಿ? ಒಂದು ಬಾಂಬೂ ನಿಲ್ಲಸಾಕ ಮೂರು ಮಂದಿ ಬೇಕು."

ಅಂದಿನಿಂದ ಆ ಶಬ್ದ ಅವರನ್ನು ಹಿಡಿದುಕೊಂಡಿತು. ಒಂದೊಂದು ಗಂಟು ಬಿಗಿಯುವಾಗಲೂ ಒಂದೊಂದು ಪ್ರಶ್ನೆ.

"ಗಿಡಕ್ಕ ಅನ್ನಬಹುದೇನ್ರಿ?"

"ಇಲ್ಲ. ಗಿಡ ತಾನೇ ಬೆಳೆಯುತ್ತೆ."

"ಮನಿಗೆ?"

"ಅನ್ನಬಹುದು. ಗೋಡೆ, ಕಂಬ, ಟೆಂಟ್, ಮಂಟಪ, ಎಲ್ಲಕ್ಕೂ."

"ಸಂಸಾರಕ್ಕ?"

"ಇಲ್ಲಪ್ಪಾ."

"ಖರೇ. ಅದು ನೆಟ್ಟಗ ನಿಂದ್ರಂಗಿಲ್ಲ."

ಆಮೇಲೆ ಒಂದು ದಿನ ನಾನು, ಮನುಷ್ಯರಿಗೂ ಈ ಮಾತು ಉಂಟು ಎಂದು ನನ್ನ ಕಾನ್ವೆಂಟಿನ ಕಥೆ ಹೇಳಿದೆ. ಮೈಸೂರಿನಲ್ಲಿ ಅಸೆಂಬ್ಲಿಗೆ ಸಾಲಾಗಿ ನಿಂತಾಗ ಸಿಸ್ಟರ್ ಮರದ ಸ್ಕೇಲನ್ನು ನಮ್ಮ ಬೆನ್ನಿಗೆ ಆನಿಸಿ ನೋಡುತ್ತಾ ಹೋಗುತ್ತಿದ್ದರು. "ಸ್ಟ್ಯಾಂಡ್ ಇರೆಕ್ಟ್, ಗರ್ಲ್ಸ್! ಯು ಆರ್ ನಾಟ್ ಕ್ವೆಶ್ಚನ್ ಮಾರ್ಕ್ಸ್!" ಆ ಸ್ಕೇಲಿನ ತಂಪು ಇನ್ನೂ ಬೆನ್ನಲ್ಲಿದೆ. ಬೆನ್ನು ಮಾತ್ರ ಸಿಸ್ಟರ್ ಮಾತು ಮರೆತು ಎಷ್ಟೋ ಕಾಲವಾಯಿತು. ಎಪ್ಪತ್ನಾಲ್ಕಕ್ಕೆ ನಾನು ಪರಿಪೂರ್ಣವಾದ ಒಂದು ಕ್ವೆಶ್ಚನ್ ಮಾರ್ಕ್.

ಮುಕಾದಮರು ನನ್ನನ್ನು ತಲೆಯಿಂದ ಕಾಲಿನವರೆಗೆ ಬಿದಿರು ನೋಡಿದಂತೆ ನೋಡಿದರು. "ಬುಡ ಗಟ್ಟಿ ಐತ್ರಿ ಬಾಯಾರ. ಮ್ಯಾಲ ಒಂಚೂರು ವಾಲೇತಿ. ಹಗ್ಗ ಹಚ್ಚಿದ್ರ ನಿಂದರ್ತೈತಿ."

ಮನೆಯಲ್ಲಿ ಅಂಥ ಮಾತು ಹೇಳುತ್ತಿದ್ದ ನಮ್ಮ ಯಜಮಾನರು ಹೋದ ಮೇಲೆ ಯಾರೂ ನನ್ನನ್ನು ಹಾಗೆ ಛೇಡಿಸಿರಲಿಲ್ಲ.

ಅವರ ಮನಸ್ಸಿನಲ್ಲಿದ್ದ ಆಸೆ ಹೊರಬಿದ್ದದ್ದು ಹಗ್ಗದ ನೀರಿನ ದಿನ. ಕಾಥಿ, ಅಂದರೆ ತೆಂಗಿನ ನಾರಿನ, ಹಗ್ಗವನ್ನು ನೆನೆಸಿ ಕಟ್ಟಬೇಕಂತೆ. ಒಣಗುತ್ತಾ ಒಣಗುತ್ತಾ ಗಂಟು ತಾನೇ ಬಿಗಿಯುತ್ತದೆ. ಪರೇಖ್ ಭಾಯಿ ನೀರು ಪೋಲಾಗುತ್ತದೆ ಎಂದು ಟೆರೇಸಿನ ನಲ್ಲಿಗೆ ಬೀಗ ಹಾಕಿದರು. ನಾನು ನನ್ನ ಅಡುಗೆಮನೆಯ ನಲ್ಲಿಯಿಂದ ಬಕೆಟ್ ತುಂಬಿಸಿ, ಜಾಲರಿಗೆ ಇದ್ದ, ಒಬ್ಬರು ನುಸುಳುವಷ್ಟು ಬಾಗಿಲು ತೆಗೆದು, ಹೊರಗೆ ದಾಟಿಸತೊಡಗಿದೆ. ದಿನಕ್ಕೆ ಹತ್ತು ಹನ್ನೆರಡು ಬಕೆಟ್, ಅರ್ಧರ್ಧ ತುಂಬಿದವು. ಬೆನ್ನು ಅಯ್ಯೋ ಎಂದಿತು. ನಾನು ಕೇಳಿಸಿಕೊಳ್ಳಲಿಲ್ಲ.

ಹತ್ತನೆಯ ಬಕೆಟ್ಟಿನ ಹೊತ್ತಿಗೆ ಅವರು ಹೇಳಿದರು: "ಇದ ಕಡೀದು ನೋಡ್ರಿ ನಂದು. ಮುಂದಿನ ವರ್ಷದಿಂದ ಕಾಂಟ್ರಾಕ್ಟರ್ ಕಬ್ಬಣದ ಪೈಪ್ ತರ್ತಾನ, ಅದರ ಮಂದೀನ ಬ್ಯಾರೆ. ಮಣಕಾಲೂ ಸಾಕು ಅನ್ನಾಕತ್ತಾವು. ಪರಾಂಚಿ ಮುಗದಮ್ಯಾಲ ಒಂದು ಹಸರ ಪಾಟಿ ಕಟ್ತಾರಲ್ರೀ ಬಾಯಾರ, ಹತ್ತಾಕ ಅಡ್ಡಿ ಇಲ್ಲ ಅಂತ? ಅದರಾಗೂ ಈ ಶಬ್ದ ಐತಿ. ಮುಂದ ಜಾಗಾ ಖಾಲಿ. ಅಲ್ಲಿ ಪ್ರತಿ ಸಲ ಸೂಪರ್‌ವೈಸರ್ ಸಾಹೇಬ್ರು ಸಹಿ ಮಾಡ್ತಾರ. ಇಷ್ಟು ವರ್ಷ ನನಗದು ಶ್ರೀಮಾನ್ ಅಂತನ ಇತ್ರಿ, ದೊಡ್ಡವ್ರು, ಮಾಡ್ಕೊಳ್ಳಿ ಅಂತ ಸುಮ್ಮನಿದ್ದೆ. ಈಗ ತಿಳದಬಿಟ್ಟೈತಲ್ರೀ. ಇಳಿಯೂದರಾಗ ಒಂದ ಸಲ, ಆ ಶಬ್ದದ ಮುಂದ, ನನ್ನ ಹೆಸರು. ನನ್ನ ಕೈಲೆ."

ಅವತ್ತೇ ಪಾಠ ಶುರು. ಸ್ಲೇಟು ಇಲ್ಲ, ಬಿದಿರಿನ ಮೇಲೆ ಇದ್ದಿಲು, ಕಟ್ಟೆಯ ಮೇಲೆ ನೀರು. ಸೊಂಟದಲ್ಲಿ ಹಗ್ಗ, ಕಿವಿಯಲ್ಲಿ ಬೀಡಿ, ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ನಿಲ್ಲಿಸುವರು. ಅಕ್ಷರ ವಾಲಿದರೆ ತಲೆ ವಾರೆ ಮಾಡಿ ನೋಡಿ, ಅಳಿಸಿ, ಮತ್ತೆ. ನಾನು ಜಾಲರಿಯ ಒಳಗಿನಿಂದ ಸಿಸ್ಟರ್ ಆಗಿ, "ನೋ, ನೋ! ಸ್ಟ್ರೇಟ್!" ಎನ್ನುವೆ. ಅವರು ಹೊರಗಿನಿಂದ "ಯೆಸ್ ರೀ!" ಎನ್ನುವರು. ಆ ಮೂರು ವಾರ ನನ್ನ ಮನೆಯಲ್ಲಿ ಟೀವಿ ಹಚ್ಚಿದ್ದು ನೆನಪಿಲ್ಲ.

ಪರಾಂಚಿ ಮುಗಿದ ದಿನ ಬೆಳಿಗ್ಗೆ ಸೂಪರ್‌ವೈಸರ್ ಬಂದರು. ಚಿಕ್ಕ ವಯಸ್ಸು, ಹೊಸ ಹೆಲ್ಮೆಟ್, ತುಂಬಾ ಪೊಲೈಟ್. ಮೇಲಿನ ಹಲಗೆಗೆ ಹೋಗುವ ದಾರಿ ನನ್ನ ಅಡುಗೆಮನೆಯ ಕಿಟಕಿಯೇ ಆದ್ದರಿಂದ ಇನ್‌ಸ್ಪೆಕ್ಷನ್ ನನ್ನ ಮನೆಯಲ್ಲೇ. ಹಿಂದೆಯೇ ಪರೇಖ್ ಭಾಯಿ. ಸೂಪರ್‌ವೈಸರ್ ನನ್ನ ಊಟದ ಮೇಜಿನ ಮೇಲೆ ಆ ಪಾಟಿ, ಒಂದು ಹಸಿರು ಪ್ಲಾಸ್ಟಿಕ್ ಫಲಕ, ಇಟ್ಟು ಪೆನ್ನು ತೆಗೆದರು. ಇರೆಕ್ಟೆಡ್ ಬೈ, ಮುಂದೆ ಖಾಲಿ. ಕಿಟಕಿಯಾಚೆ ಮುಕಾದಮರು ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಶುಭ್ರವಾದ ಅಂಗಿ ತೊಟ್ಟು ನಿಂತಿದ್ದರು. ಪೆನ್ನು ಪಾಟಿಯ ಮೇಲೆ ಬಾಗಿದ್ದನ್ನು ನೋಡಿದರು. ಬಿದಿರಿನ ಮೇಲಿನ ಒಂದು ಗಂಟನ್ನು ಸುಮ್ಮನೆ ಉಜ್ಜಿದರು.

ನನಗೆ ಸಿಸ್ಟರ್ ಮೈಮೇಲೆ ಬಂದರು.

"ಯಂಗ್ ಮ್ಯಾನ್, ಇರೆಕ್ಟ್ ಅಂದ್ರೆ ಏನು?"

ಆತ ಬೆಚ್ಚಿದ. "ಮ್ಯಾಡಮ್... ಟು ಕನ್‌ಸ್ಟ್ರಕ್ಟ್?"

"ನೋ. ನೆಟ್ಟಗೆ ನಿಲ್ಲಿಸೋದು. ಇಲ್ಲಿ ನೀವು ಯಾವ ಬಿದಿರನ್ನ ನಿಲ್ಲಿಸಿದ್ರಿ?"

"ಮ್ಯಾಡಮ್, ಕಂಪನಿ ರೂಲ್. ರೆಸ್ಪಾನ್ಸಿಬಲ್ ಪರ್ಸನ್ ಸೈನ್ ಮಾಡಬೇಕು."

ಆಗ ಹೊರಗಿನಿಂದ ಮುಕಾದಮರು ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ, ಹೇಳಿದರು: "ಸಾಹೇಬ್, ನಮ್ಮಲ್ಲೊಂದು ರಿವಾಜು ಉಂಟು. ಯಾರ ಹೆಸರು ಬರುತ್ತದೋ ಅವರು ಮೇಲಿನ ಹಲಗೆಯ ಮೇಲೆ ಎಲ್ಲರಿಗಿಂತ ಮೊದಲು ನಡೆಯಬೇಕು. ಹಳೇ ಕಾಂಟ್ರಾಕ್ಟರ್ ಧೋತರ ಎತ್ತಿ ಕಟ್ಟಿಕೊಂಡು ನಡೆಯುತ್ತಿದ್ದರು. ಬನ್ನಿ."

ಸೂಪರ್‌ವೈಸರ್ ಕಿಟಕಿಯ ಕಟ್ಟೆ ಹತ್ತಿದ. ಒಂದು ಕಾಲು ಹೊರಗಿಟ್ಟ. ಕೆಳಗೆ ನೋಡಿದ. ಗೇಟಿನ ಹತ್ತಿರದ ಕಬ್ಬಿನ ಹಾಲಿನ ಗಾಡಿ ಬೆಂಕಿಪೊಟ್ಟಣದಷ್ಟು ಕಾಣುತ್ತದೆ ಅಲ್ಲಿಂದ. ಕಾಲು ತಾನಾಗಿ ಒಳಗೆ ಬಂತು. "ಇಲ್ಲಿಂದಲೇ ಇನ್‌ಸ್ಪೆಕ್ಟ್ ಮಾಡಬಹುದು," ಎಂದ. ಪರೇಖ್ ಭಾಯಿ ಕಡೆ ನೋಡಿದೆ. ಅವರು ಕೂಡಲೇ ಫೋನಿನಲ್ಲಿ ಯಾರೊಡನೆಯೋ ಮಾತಾಡತೊಡಗಿದರು. ಫೋನ್ ರಿಂಗ್ ಆಗಿರಲೇ ಇಲ್ಲ.

"ಹಾಗಾದ್ರೆ ನಾನು ನಡೀತೀನಿ," ಎಂದೆ. "ನಾನು ನಡೆದರೆ ಹೆಸರು ಯಾರದ್ದು ಅನ್ನೋದು ನನ್ನ ಮಾತು. ಅಗ್ರೀಡ್?"

ಸ್ಟೂಲಿನ ಮೇಲೆ ನಿಂತು ಬಲ್ಬ್ ಬದಲಿಸಿದರೆ ತಲೆ ತಿರುಗುವ ಹೆಂಗಸು ನಾನು. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ದೇವರೇ ಬಲ್ಲ. "ಅರೇ ಆಂಟಿಜಿ, ಕ್ಯಾ ಕರ್ ರಹೀ ಹೋ!" ಎಂದು ಪರೇಖ್ ಭಾಯಿ ಫೋನ್ ಬಿಟ್ಟರು. ಮುಕಾದಮರು ಮಾತ್ರ ಒಂದು ಕ್ಷಣ ನನ್ನ ಮುಖ ನೋಡಿದರು, ತಟ್ಟಿ ಕಿವಿಗೊಟ್ಟವರಂತೆ. ಆಮೇಲೆ ತಮ್ಮ ಸೊಂಟದ ಬೆಲ್ಟ್ ಬಿಚ್ಚಿ ನನಗೆ ಕಟ್ಟಿದರು. ಸೀರೆಯ ಮೇಲೆ ಬೆಲ್ಟು, ಬೆಲ್ಟಿಗೆ ಹಗ್ಗ, ಹಗ್ಗದ ತುದಿ ಮೇಲೆ ಟೆರೇಸಿನಲ್ಲಿ ಗ್ಯಾಂಗಿನ ಇಬ್ಬರ ಕೈಯಲ್ಲಿ.

"ಕಾಲು ನೋಡಬ್ಯಾಡ್ರಿ. ನನ್ನ ಮೂಗು ನೋಡ್ರಿ," ಎಂದು ಹಿಂದೆ ಹಿಂದೆ ಹೆಜ್ಜೆಯಿಡತೊಡಗಿದರು.

ಹಲಗೆ ಗಟ್ಟಿಯಾಗಿತ್ತು. ಅಂಗಳದಷ್ಟು ಗಟ್ಟಿ. ಬಿದಿರಿನಿಂದ ಹಸಿ ಹಗ್ಗದ ವಾಸನೆ ಬರುತ್ತಿತ್ತು, ನನ್ನ ನಲ್ಲಿಯ ನೀರು! ಎರಡು ಹೆಜ್ಜೆಗೆ ಬಿದಿರನ್ನು ಅಪ್ಪಿಕೊಂಡೆ. ಮೂರಕ್ಕೆ ನಗು ಬಂತು. ಮುಕಾದಮರ ಮೂಗಿನ ತುದಿಯಲ್ಲಿ ಒಂದು ನರುಳ್ಳೆ ಇದೆ ಎಂದು ಆವತ್ತೇ ಕಂಡದ್ದು; ಅದನ್ನೇ ನೋಡುತ್ತಾ ನಡೆದರೆ ನಗದೆ ಏನು ಮಾಡುವುದು? ಎಲ್ಲ ಮಹಡಿಯ ಕಿಟಕಿಗಳಿಂದ ತಲೆಗಳು ಹೊರಬಂದವು. ಯಾರೋ ಚಪ್ಪಾಳೆ ಹೊಡೆದರು. ಪಕ್ಕದ ಏರ್‌ಪೋರ್ಟಿಗೆ ಇಳಿಯುತ್ತಿದ್ದ ವಿಮಾನವೊಂದು ಎಷ್ಟು ಹತ್ತಿರ ಬಂತೆಂದರೆ ಅದರ ಕಿಟಕಿಯಲ್ಲೂ ಯಾರೋ ನನ್ನನ್ನು ನೋಡಿರಬೇಕು ಎನ್ನಿಸಿತು. ತಲೆ ಗಿರ್ರೆಂದು ತಿರುಗುತ್ತಿತ್ತು. ಭಯದಿಂದಲ್ಲ, ಜಾತ್ರೆಯ ತೊಟ್ಟಿಲಲ್ಲಿ ಕೂತ ಹುಡುಗಿಗೆ ತಿರುಗುವಂತೆ.

ಆಚೆ ತುದಿಯಲ್ಲಿ ಮಲಗುವ ಕೋಣೆಯ ಕಿಟಕಿ. ಅಲ್ಲಿಂದ ಒಳಗಿಳಿಯುವುದೆಂದು ನನ್ನ ಪ್ಲಾನು. ಜಾಲರಿಗೆ ಬೀಗ. ಕೀಲಿ ಫ್ರಿಜ್ಜಿನ ಮೇಲೆ.

"ಏನ್ ಮಾಡೋದು?" ಎಂದೆ.

"ಹೊಳ್ಳಿ ಹೋಗೂದ್ರಿ. ಈಗ ನನ್ನ ಮೂಗು ಸಿಗಂಗಿಲ್ಲ, ನೀವ ಮುಂದ." ಹಿಂದಿನಿಂದ ಅವರ ದನಿ ಬಂತು: "ಬಾಯಾರ, ಆ ನಿಮ್ಮ ಸಿಸ್ಟರ್ ಏನಂತಿದ್ರು?"

ಸ್ಟ್ಯಾಂಡ್ ಇರೆಕ್ಟ್, ಗರ್ಲ್ಸ್. ಬೆನ್ನಿಗೆ ಆ ತಣ್ಣನೆಯ ಸ್ಕೇಲು ತಾಗಿದಂತಾಯಿತು. ನಾನು ಬೆನ್ನೆತ್ತಿದೆ. ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ, ಅದಕ್ಕಿಂತ ಇನ್ನೊಂದು ಅಂಗುಲ. ಎಷ್ಟೋ ವರ್ಷದ ಮೇಲೆ ಎದುರುಗಡೆಯ ಬಿಲ್ಡಿಂಗಿನ ಟೆರೇಸು ಕಂಡಿತು, ಅದರಾಚೆಯ ತೆಂಗಿನ ತಲೆಗಳು, ಅದರಾಚೆ ಬರೀ ಬೆಳಕು. ಹಾಗೆಯೇ ನಡೆದು ನನ್ನ ಅಡುಗೆಮನೆಗೆ ಇಳಿದೆ.

ಸೂಪರ್‌ವೈಸರ್ ಪೆನ್ನನ್ನು ನನ್ನ ಕೈಗೆ ಕೊಟ್ಟ. ನಾನು ಅದನ್ನು ಮುಕಾದಮರಿಗೆ ಕೊಟ್ಟೆ.

ಅವರು ಚಪ್ಪಲಿ ಬಿಟ್ಟು, ಮೊದಲ ಸಲ ನನ್ನ ಮನೆಯೊಳಗೆ ಬಂದು, ಮೇಜಿನ ಮುಂದೆ ನಿಂತೇ ಬರೆದರು. ಒಂದೊಂದು ಅಕ್ಷರಕ್ಕೂ ಬುಡ ಮೊದಲು, ಆಮೇಲೆ ಮೇಲಕ್ಕೆ. ನನ್ನ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು, ಯಾರೂ ಅಲ್ಲಾಡಲಿಲ್ಲ. ಹೆಸರು ಮುಗಿಯಿತು. ಒಂದಕ್ಷರವೂ ವಾಲಿರಲಿಲ್ಲ. ಹಿಂದೆ ಸರಿದು ನೋಡಿದರು, ಕಟ್ಟಿದ ಪರಾಂಚಿಯನ್ನು ರಸ್ತೆಯಿಂದ ನೋಡುವಂತೆ. ಮುಖ ಅರಳಿತು. ಆಮೇಲೆ ಸಣ್ಣದಾಯಿತು.

"ತಪ್ಪಾತ್ರಿ ಬಾಯಾರ."

"ಏನು ತಪ್ಪು? ಪರ್ಫೆಕ್ಟ್ ಇದೆ!"

"ಒಬ್ಬಂವಾ ಅಂತ ಆತಲ್ರೀ. ಕೋಟ್ ಹಾಕ್ಕೊಂಡಂವಗ ನಾ ಏನಂದಿದ್ದೆ?" ಕಿಟಕಿಯಾಚೆ ಗ್ಯಾಂಗಿನ ಮುಖಗಳತ್ತ ಕೈ ತೋರಿಸಿದರು. "ಇವರ ಹೆಸರು ನನಗ ಬರಂಗಿಲ್ಲ. ನೀವ ಬರೀರಿ."

ಬರೆದೆ. ಐದು ಹೆಸರು, ಇರುವೆಯಷ್ಟು ಸಣ್ಣ ಅಕ್ಷರ, ಪಾಟಿಯ ಅಂಚಿನವರೆಗೂ ಹೋಯಿತು. ಪೆನ್ನಿಗೆ ಮುಚ್ಚಳ ಹಾಕಹೋದೆ.

"ಇನ್ನೊಂದು ಐತ್ರಿ," ಎಂದರು. "ನೀರು ಯಾರದು?"

ಪಾಟಿಯನ್ನು ಹಿಂಬದಿಗೆ ತಿರುಗಿಸಿ ಅವರೇ ಹಿಡಿದುಕೊಂಡರು. ನನ್ನ ಹೆಸರನ್ನು ನಾನು ಸಾವಿರಾರು ಪತ್ರಗಳ ಕೆಳಗೆ ಬರೆದಿದ್ದೇನೆ. ಅವತ್ತು ಮಾತ್ರ ಅಕ್ಷರ ಸ್ವಲ್ಪ ವಾಲಿತು.

ಪರಾಂಚಿ ನಾಲ್ಕೂವರೆ ತಿಂಗಳು ನಿಂತಿತು. ಪ್ಲಾಸ್ಟರಾಯಿತು, ಬಣ್ಣವಾಯಿತು, ಒಂದು ಗಂಟೂ ಸಡಿಲಲಿಲ್ಲ. ಆಮೇಲೆ ಮುಕಾದಮರೇ ಬಂದು ಮೇಲಿನಿಂದ ಕೆಳಕ್ಕೆ, ಹಗ್ಗ ಕತ್ತರಿಸದೆ, ಒಂದೊಂದೇ ಗಂಟು ಬಿಚ್ಚಿ ಇಳಿಸಿದರು. ಕೊನೆಯ ಬಿದಿರು ಲಾರಿಗೆ ಹೋದ ಮೇಲೆ ಪಾಟಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು, ಬಾಗಿಲಿನಿಂದ. ಏದುಸಿರು ಬಿಡುತ್ತಿದ್ದರು. ನಲ್ಲಿಯ ಕೆಳಗೆ ಒಂದು ಬಟ್ಟೆ ಒದ್ದೆ ಮಾಡಿ, ಪೆನ್ನಿನ ಗುರುತು ಹೋಗುವವರೆಗೆ ಹೆಸರುಗಳನ್ನು ಒರೆಸಿಬಿಟ್ಟರು. ತಮ್ಮದು, ಐವರದು, ತಿರುಗಿಸಿ ನನ್ನದು.

"ಅಯ್ಯೋ, ಯಾಕೆ? ಅಷ್ಟು ಕಷ್ಟಪಟ್ಟು ಬರೆದದ್ದು!"

"ಈಗ ಏನೂ ನಿಂತಿಲ್ಲಲ್ರೀ ಬಾಯಾರ," ಎಂದರು, ಮಗುವಿಗೆ ಹೇಳುವಂತೆ. "ನಿಂತಾಗ ಹೆಸರು. ಇಳಿಸಿದಮ್ಯಾಲ ಇಟ್ಕೊಂಡ್ರ ಆ ಕಲ್ಲಿನ ಮಂದಿಗೂ ನಮಗೂ ಏನ್ ಫರಕು?" ಖಾಲಿ ಪಾಟಿಯನ್ನು ನನ್ನ ಕೈಗಿಟ್ಟು, ಕಾಫಿ ಕುಡಿದು, ಲೋಟ ಬೋರಲು ಹಾಕಿ, ಹೋದರು. ಅವರೇ ಒರೆಸಿದ ಹೆಸರನ್ನು ಇಲ್ಲಿ ಬರೆಯಲು ನಾನು ಯಾರು?

ನಮ್ಮ ಬಿಲ್ಡಿಂಗ್ ಈಗ ರೀಡೆವಲಪ್‌ಮೆಂಟಿಗೆ ಹೋಗುವ ಮಾತು ನಡೆದಿದೆ. ಹೊಸ ಕಟ್ಟಡದ ಬಾಗಿಲಲ್ಲಿ ಕಮಿಟಿಯವರ ಹೆಸರಿರುವ ಕಲ್ಲು ಹಾಕಬೇಕೆಂದು ಪರೇಖ್ ಭಾಯಿಗೆ ಆಸೆ. ಅದರ ಇಂಗ್ಲಿಷನ್ನು ನಾನೇ ಬರೆದುಕೊಡಬೇಕಂತೆ. "ಮೇಲಿನ ಹಲಗೆಯ ಮೇಲೆ ಮೊದಲು ನೀವು ನಡೀತೀರಾ?" ಎಂದು ಕೇಳಿದೆ. ಆಮೇಲೆ ಅವರು ಆ ವಿಷಯ ಎತ್ತಿಲ್ಲ.

ಪಾಟಿ ನನ್ನ ಅಡುಗೆಮನೆಯ ಕಿಟಕಿಯಲ್ಲಿ ತೂಗುತ್ತಿದೆ. ಬೆಳಿಗ್ಗೆ ಹಾಲು ಒಲೆಗಿಟ್ಟು, ಬಾಗಿಲ ಚೌಕಟ್ಟಿಗೆ ಬೆನ್ನು ಆನಿಸಿ ನಿಲ್ಲುತ್ತೇನೆ. ಹಾಲು ಉಕ್ಕುವವರೆಗೆ ನೆಟ್ಟಗೆ ನಿಂತಿದ್ದರೆ, ಒದ್ದೆ ಬೆರಳಿನಿಂದ ‘ಇರೆಕ್ಟೆಡ್ ಬೈ’ ಮುಂದಿನ ಆ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆಯುತ್ತೇನೆ. ಕಾಫಿಗೆ ಕೂರುವ ಮೊದಲು ಒರೆಸುತ್ತೇನೆ.